ಸತ್ಯಾಂಶ: ಸ್ವಂತ ಕಾರಿನಲ್ಲಿ ಗ್ರಾಹಕರನ್ನು ಕರೆದೊಯ್ದರೆ ವಿಮೆ ರದ್ದಾಗುತ್ತದೆಯೇ?

‘ಬಿಳಿ ಬೋರ್ಡ್ ಕಾರಿನಲ್ಲಿ ಗ್ರಾಹಕರನ್ನು ಕೂರಿಸಿಕೊಂಡರೆ ವಿಮೆ ರದ್ದು’ ಎಂಬ ಸಂದೇಶ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಅದು ಸರಿಯಲ್ಲ. ಖಾಸಗಿ ಕಾರಿನ ಪಾಲಿಸಿ ಹೊರಗಿಡುವುದು ಮುಖ್ಯವಾಗಿ ಬಾಡಿಗೆಗೆ ಅಥವಾ ಪ್ರತಿಫಲಕ್ಕಾಗಿ ಓಡಿಸುವುದನ್ನು. ಬೋಗಾದಿಯಲ್ಲಿ ನಿವೇಶನ ತೋರಿಸಲು ಮಧ್ಯವರ್ತಿಯೊಬ್ಬರು ಪ್ರಯಾಣಕ್ಕೆಂದು ಹಣ ಪಡೆಯದೆ ಗ್ರಾಹಕರನ್ನು ತಮ್ಮ ಕಾರಿನಲ್ಲಿ ಕರೆದೊಯ್ದರೆ, ಅಷ್ಟರಿಂದಲೇ ಅದು ಬಾಡಿಗೆಯಾಗುವುದಿಲ್ಲ. ಆದರೆ ಅದೇ ಕಾರನ್ನು ಕಿಲೋಮೀಟರಿಗೆ ಇಷ್ಟೆಂದು ದರ ಹೇಳಿ ಶ್ರೀರಂಗಪಟ್ಟಣಕ್ಕೆ ಓಡಿಸುವುದಾದರೆ, 1988ರ ಮೋಟಾರು ವಾಹನ ಕಾಯ್ದೆಯಂತೆ ಪರ್ಮಿಟ್ ಬೇಕು, ಅದಕ್ಕೆ ತಕ್ಕ ವಿಮೆಯೂ ಬೇಕು. ಇಲ್ಲದಿದ್ದರೆ ಅಪಘಾತವಾದಾಗ ದುರಸ್ತಿಯ ಕ್ಲೇಮ್ ತಿರಸ್ಕೃತವಾಗಬಹುದು.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಆ ಸಂದೇಶ ಮುಟ್ಟದೇ ಬಿಟ್ಟ ವಿಷಯ: ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ (ನಮ್ಮ ಕಾರಿನಿಂದ ಹೊರಗಿನವರಿಗಾಗುವ ಹಾನಿಗೆ ಇರುವ ವಿಮೆ) ಕಾರಿನೊಳಗೆ ಕುಳಿತ ಗ್ರಾಹಕರಿಗೆ ಪರಿಹಾರ ಸಿಗುವ ಖಾತರಿಯಿಲ್ಲ. ಪಾಲಿಸಿಯಲ್ಲಿ ‘ಲಿಮಿಟೇಷನ್ಸ್ ಆ್ಯಸ್ ಟು ಯೂಸ್’ (ಕಾರಿನ ಬಳಕೆಗಿರುವ ಮಿತಿಗಳು) ಎಂಬ ಭಾಗವನ್ನು ಓದಿ, ನಿಮ್ಮ ಕೆಲಸದ ಬಗೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ.