ಮುನ್ನೂರು ಡಾಲರಿನ ರೇಡಿಯೋ, ಟೇಪ್ ಸುತ್ತಿದ ಆಂಟೆನಾ

ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಿಂದ ವಾಪಸ್ ಬಂದು ಎರಡು ದಿನವಾಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಜೀಪಿನ ಕೆಂಪು ಧೂಳು ತೊಳೆಯುವ ಮೊದಲೇ ಇದನ್ನು ಬರೆದುಬಿಡುತ್ತೇನೆ.

ಶನಿವಾರ ನಾವು ಐದು ಗಾಡಿ ಶೇಫರ್ ಟ್ರೇಲ್ ಇಳಿಯುತ್ತಿದ್ದೆವು. ನೋಡದವರಿಗೆ ಹೇಳುತ್ತೇನೆ. ಯೂಟಾದ ಕ್ಯಾನ್ಯನ್‌ಲ್ಯಾಂಡ್ಸ್ ಪಾರ್ಕಿನಲ್ಲಿ ಬಂಡೆ ಕಡಿದು ಮಾಡಿದ ಮಣ್ಣು ರಸ್ತೆ. ಸುಮಾರು 1,500 ಅಡಿ ಇಳಿಯಬೇಕು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಆಕಾಶ. ಬಹಳ ಕಡೆ ಒಂದೇ ಗಾಡಿಯ ಅಗಲ, ಆದರೆ ಎರಡೂ ದಿಕ್ಕಿನಿಂದ ಗಾಡಿ ಬರುತ್ತವೆ. ಫೋನ್ ಸಿಗ್ನಲ್ ಮರೆತುಬಿಡಿ. ಅದಕ್ಕೇ ಎಲ್ಲರ ಹತ್ತಿರ ಸಿಬಿ ರೇಡಿಯೋ, ಅಂದರೆ ಗಾಡಿಯಿಂದ ಗಾಡಿಗೆ ನೇರ ಮಾತಾಡುವ ಸೆಟ್. ಮುಂದಿನವನು ನೋಡಿ ಹೇಳಬೇಕು, ಹಿಂದಿನವರು ಅಗಲ ಇರುವ ಕಡೆ ನಿಲ್ಲಬೇಕು. ಇಷ್ಟೇ ವ್ಯವಸ್ಥೆ.

ಮುಂದೆ ನಾನಿದ್ದೆ. ಕೆಳಗಿನಿಂದ ಒಂದು ಪಿಕಪ್ ಏರಿ ಬರುತ್ತಿತ್ತು. ಮೈಕ್ ಒತ್ತಿ, “ಪಿಕಪ್ ಬರ್ತಿದೆ, ಎಲ್ರೂ ಸೈಡಲ್ಲಿ ನಿಂತ್ಕೊಳ್ಳಿ” ಅಂದೆ. ಮೂವರು ಉತ್ತರ ಕೊಟ್ಟರು. ಐದನೆಯವನದು ಸದ್ದಿಲ್ಲ. ಮತ್ತೆ ಕರೆದೆ. ಇಲ್ಲ. ನಾನು ಒಂದು ಮೂಲೆಗೆ ಒತ್ತರಿಸಿ ನಿಂತು ತಲೆ ಎತ್ತಿ ನೋಡಿದರೆ, ಸಾಹೇಬರು ಆರಾಮಾಗಿ ಇಳಿದು ಬರುತ್ತಿದ್ದಾರೆ! ತಿರುವಿನಲ್ಲಿ ಪಿಕಪ್‌ಗೂ ಅವನ ಜೀಪಿಗೂ ಮೂಗಿಗೆ ಮೂಗು. ಅಲ್ಲಿಂದ ಅವನ ಜೀಪು ಐವತ್ತು ಹೆಜ್ಜೆ ಹಿಂದಕ್ಕೆ, ಅದೂ ಏರಿನಲ್ಲಿ. ಅವನ ಹೆಂಡತಿ ಇಳಿದು ಹಿಂದೆ ನಡೆಯುತ್ತಾ “ಇನ್ನೊಂಚೂರು, ಇನ್ನೊಂಚೂರು” ಅನ್ನುತ್ತಿದ್ದಳು. ಆ ದನಿ ರೇಡಿಯೋ ಇಲ್ಲದೆಯೂ ನಮಗೆಲ್ಲ ಕೇಳಿಸಿತು.

ಕೆಳಗೆ ಹೋಗಿ ಅವನ ಜೀಪ್ ನೋಡಿದೆ. ಡ್ಯಾಶ್‌ಬೋರ್ಡ್ ಮೇಲೆ ಮುನ್ನೂರು ಡಾಲರಿನ ರೇಡಿಯೋ. ಕ್ರೋಮ್ ಮುಖ, ಏಳು ಬಣ್ಣದ ಲೈಟು, ಎಕೋ ಬೇರೆ. ಯಾರಿಗೆ ಬೇಕಪ್ಪಾ ಎಕೋ, ಸುತ್ತ ಬೆಟ್ಟ ಇರುವಾಗ? ಆಂಟೆನಾ ಎಲ್ಲಿ ಅಂದರೆ ಮೇಲೆ ತೋರಿಸಿದ. ಹದಿನೈದು ಡಾಲರಿನ ಮ್ಯಾಗ್ನೆಟ್ ಆಂಟೆನಾ. ರ‍್ಯಾಂಗ್ಲರ್ ಹಾರ್ಡ್‌ಟಾಪ್ ಚಾವಣಿ ಫೈಬರ್ರು, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಹಾಗಾಗಿ ಡಕ್ಟ್ ಟೇಪ್ ಸುತ್ತಿ ಕೂರಿಸಿದ್ದ! ಕೇಬಲ್ ಹಿಂಬಾಗಿಲ ಸಂದಿಯಲ್ಲಿ ನುಸುಳಿ ಒಳಗೆ ಬಂದಿತ್ತು. ಬಾಗಿಲು ಹಾಕಿದಾಗಲೆಲ್ಲ ಜಜ್ಜಿ ಜಜ್ಜಿ, ಬಿಸಿಲಿಗೆ ಬಿದ್ದ ಹುರಳಿಕಾಯಿ ಥರ ಚಪ್ಪಟೆಯಾಗಿತ್ತು.

“ಅಣ್ಣ, ಇದು ಟಾಪ್ ಮಾಡೆಲ್” ಅಂದ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಎಷ್ಟು ಸಲ ಹೇಳಿದ್ದೇನೆ ನಾನು? ಈ ಗುಂಪಿಗೆ ಹೊಸದಾಗಿ ಬಂದವರಿಗೆಲ್ಲ ಹೇಳುತ್ತೇನೆ, ಮೊದಲು ಆಂಟೆನಾ, ಆಮೇಲೆ ರೇಡಿಯೋ. ಇಲ್ಲಿನ ಕಾನೂನಿನಲ್ಲಿ ಸಿಬಿ ಸೆಟ್ ಎಎಂನಲ್ಲಿ, ಅಂದರೆ ನಾವೆಲ್ಲ ಮಾತಾಡುವ ಮಾಮೂಲಿ ವಿಧಾನದಲ್ಲಿ, 4 ವ್ಯಾಟ್ ಮಾತ್ರ ಹೊರಗೆ ಬಿಡಬಹುದು. ಐವತ್ತು ಡಾಲರಿನದಕ್ಕೂ 4, ಮುನ್ನೂರರದಕ್ಕೂ 4. ಎಸ್‌ಎಸ್‌ಬಿ ಅನ್ನುವ ಇನ್ನೊಂದು ವಿಧಾನ ಇದ್ದರೆ 12 ಸಿಗುತ್ತದೆ ನಿಜ, ಆದರೆ ಎದುರಿನವನ ಹತ್ತಿರವೂ ಅದು ಇರಬೇಕಲ್ವಾ? ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಜಾಸ್ತಿ ಕೊಟ್ಟ ದುಡ್ಡೆಲ್ಲ ಲೈಟಿಗೆ, ಕ್ರೋಮಿಗೆ. ಯಾರೂ ಮಾತಾಡದಾಗ ಬರುವ ಗೊರಗೊರ ಸದ್ದು ಅಡಗಿಸುವ ಸ್ಕ್ವೆಲ್ಚ್ ಗುಂಡಿ ಇದ್ದು, ಮೈಕ್ ಗಟ್ಟಿಯಿದ್ದು, ಧೂಳಿನಲ್ಲಿ ಕುಣಿದರೂ ಕಳಚದಿದ್ದರೆ ನಮಗೆ ಸಾಕು. ನಂದು ಯೂನಿಡೆನ್ 520. ಅಂಗೈಗಿಂತ ಸ್ವಲ್ಪ ದೊಡ್ಡದು, ನೋಡೋಕೆ ಏನೂ ಇಲ್ಲ. ಆರು ವರ್ಷದಿಂದ ಮಾತಾಡುತ್ತಿದೆ.

ಅದರ ಜೊತೆಗೆ ನಾಲ್ಕು ಅಡಿಯ ಫೈಬರ್‌ಗ್ಲಾಸ್ ಆಂಟೆನಾ, ಸ್ಪೇರ್ ಟೈರ್ ಹಿಂದೆ ಬ್ರಾಕೆಟ್, ಒಳ್ಳೆ ಕೇಬಲ್. ಬ್ರಾಕೆಟ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗಿಸಿದೆ. ಟೈರು, ಬ್ರಾಕೆಟ್ ಎರಡೂ ಇರುವುದು ಹಿಂಬಾಗಿಲ ಮೇಲೆ. ಕೀಲಿನ ಮೇಲೆ ನಿಂತ ಬಾಗಿಲು ನಂಬಲಿಕ್ಕಾಗದು ಅಂತ ಅದರಿಂದ ಗಾಡಿಯ ಮೈಗೆ ಒಂದು ಗ್ರೌಂಡ್ ತಂತಿಪಟ್ಟಿಯನ್ನೂ ಹಾಕಿದೆ. ಎಲ್ಲ ಸೇರಿ ಅವನ ರೇಡಿಯೋದ ಅರ್ಧ ಬೆಲೆ ಆಯಿತು.

ಆಮೇಲೆ ಎಸ್‌ಡಬ್ಲ್ಯುಆರ್ ನೋಡಬೇಕು, ಅಂದರೆ ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ. ಇದನ್ನು ಹೇಳಿದ ತಕ್ಷಣ ಎಲ್ಲರಿಗೂ ಫೋನ್ ಕಾಲ್ ಬರುತ್ತದೆ, ಎದ್ದು ಹೋಗುತ್ತಾರೆ. ಗದ್ದೆಗೆ ಬಿಟ್ಟ ನೀರು ತೂಬು ಕಟ್ಟಿಕೊಂಡು ವಾಪಸ್ ನುಗ್ಗುತ್ತದಲ್ಲ, ಹಾಗೇ ಇದು. ಆಂಟೆನಾ ಹೊಂದದಿದ್ದರೆ ಕಳಿಸಿದ ಪವರ್ ಸೆಟ್ಟಿಗೇ ತಿರುಗಿ ಬರುತ್ತದೆ. ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಒಂದು ಚಿಕ್ಕ ಮೀಟರ್ ಹಾಕಿ 1, 19, 40ನೇ ಚಾನೆಲ್‌ನಲ್ಲಿ ನೋಡಬೇಕು. 40ರಲ್ಲಿ ಜಾಸ್ತಿ ಬಂದರೆ ಆಂಟೆನಾ ಉದ್ದವಾಯಿತು, 1ರಲ್ಲಿ ಜಾಸ್ತಿಯಾದರೆ ಗಿಡ್ಡ. ನನ್ನ ಆಂಟೆನಾದ ತುದಿಯ ಟೋಪಿ ತೆಗೆದರೆ ಒಂದು ತಿರುಪು ಇದೆ, ಅದನ್ನು ತಿರುಗಿಸಿದರೆ ಆಯಿತು. ಹದಿನೈದು ನಿಮಿಷದ ಕೆಲಸ. ಮುಳ್ಳು 1.5ರ ಒಳಗೆ ಬಂದರೆ ಹಬ್ಬ, 2ರ ಒಳಗಿದ್ದರೆ ಪರವಾಗಿಲ್ಲ. ಇವನದಕ್ಕೆ ಮೀಟರ್ ಹಾಕಿದೆ. ಮುಳ್ಳು 3 ದಾಟಿ ಗೋಡೆಗೆ ಹೋಗಿ ಒರಗಿತು.

ಈಗ ಕೆಳಗೆ ಯಾರೋ ಬರೆಯುತ್ತೀರಿ, ಈ ಕಾಲದಲ್ಲಿ ಸಿಬಿ ಯಾಕೆ, ಜಿಎಂಆರ್‌ಎಸ್ ತಗೊಳ್ಳಿ ಅಂತ. ಅದು ಇದೇ ಕೆಲಸದ ಇನ್ನೊಂದು ಥರದ ರೇಡಿಯೋ, ಗೊತ್ತು ಮಾರಾಯ್ರೇ. ದನಿ ಸ್ವಚ್ಛ, ಆಂಟೆನಾ ಚಿಕ್ಕದು, ಪರೀಕ್ಷೆ ಇಲ್ಲ, 35 ಡಾಲರ್ ಕಟ್ಟಿದರೆ 10 ವರ್ಷ ಇಡೀ ಮನೆಗೆ ಲೈಸೆನ್ಸ್. ಆದರೆ ಸಿಬಿಗೆ ಲೈಸೆನ್ಸೇ ಬೇಡ, ನಮ್ಮ ಐದೂ ಗಾಡಿಯಲ್ಲಿ ಅದೇ ಇದೆ, ಹೈವೇಗೆ ಬಂದರೆ 19ರಲ್ಲಿ ಟ್ರಕ್ಕಿನವರ ಮಾತೂ ಕೇಳಿಸುತ್ತದೆ. ಮತ್ತೆ, ಜಿಎಂಆರ್‌ಎಸ್ ತಗೊಂಡಿದ್ದರೂ ಇವನು ಅದರ ಕೇಬಲ್ಲನ್ನೂ ಬಾಗಿಲಲ್ಲೇ ಜಜ್ಜುತ್ತಿದ್ದ.

(ಬೆಂಗಳೂರಿನ ಗೆಳೆಯರೇ, ಬರುವಾಗ ಒಂದು ಸೆಟ್ ತಂದುಕೊಡು ಅಂತ ಕೇಳಬೇಡಿ, ತರಲ್ಲ. ಭಾರತದಲ್ಲಿ ಲೈಸೆನ್ಸ್ ಬೇಡದ ಸಿಬಿ 27.283 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಆಂಟೆನಾ ಸೆಟ್ಟಿನಲ್ಲೇ ಕೂಡಿರಬೇಕು. ಇಲ್ಲಿನದು 27.405ರವರೆಗೆ ಹೋಗುತ್ತದೆ, ಹಾಗಾಗಿ ಅಲ್ಲಿ ಲೈಸೆನ್ಸ್ ಇಲ್ಲದೆ ನಡೆಯಲ್ಲ.)

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ, ಹೇಳಿಬಿಡುತ್ತೇನೆ. ಕಡೂರಿನಲ್ಲಿ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಭದ್ರಾವತಿ ಸ್ಟೇಷನ್ ಸರಿಯಾಗಿ ಬರಲ್ಲ ಅಂತ ಯಾರಾದರೂ ಸೆಟ್ ತಂದರೆ, ಅಪ್ಪ ಸೆಟ್ ಬಿಚ್ಚುತ್ತಿರಲಿಲ್ಲ. “ಮೊದ್ಲು ತಂತಿ ನೋಡೋಣ ನಡೀರಿ” ಅಂತ ಅವರ ಮನೆಗೇ ಹೋಗಿ, ಹೆಂಚಿನಿಂದ ತೆಂಗಿನಮರಕ್ಕೆ ತಾಮ್ರದ ತಂತಿ ಎಳೆದು ಬರುತ್ತಿದ್ದರು. ಅಂಥವರ ಮಗ ನಾನು. ಅಮೆರಿಕಕ್ಕೆ ಬಂದು ಮೊದಲ ಸಿಬಿ ತಗೊಂಡಾಗ ಏನು ಮಾಡಿದೆ? ಆಂಟೆನಾ ಸಿಕ್ಕಿಸದೆಯೇ ಮೈಕ್ ಒತ್ತಿ “ಹಲೋ ಹಲೋ” ಅಂತ ಹತ್ತು ನಿಮಿಷ ಕೂಗಿದೆ. ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಯಿತು. ಅದನ್ನು “ಡಿಫೆಕ್ಟಿವ್ ಪೀಸ್” ಅಂತ ಹೇಳಿ ಅಂಗಡಿಗೆ ವಾಪಸ್ ಕೊಟ್ಟು ಹೊಸದು ತಂದೆ. ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಅವರು ಫೇಸ್‌ಬುಕ್‌ನಲ್ಲಿಲ್ಲ. ಅಮ್ಮ ಇದ್ದಾಳೆ. ಅಮ್ಮಾ, ದಯವಿಟ್ಟು.

ನಿನ್ನೆ ರಾತ್ರಿ ಅವನ ಫೋನ್ ಬಂತು. ನಾಲ್ಕು ಅಡಿ ಆಂಟೆನಾ ಆರ್ಡರ್ ಮಾಡಿದ್ದಾನಂತೆ. ಬ್ರಾಕೆಟ್ಟೂ ಬರುತ್ತಂತೆ. ನನಗೂ ಸ್ವಲ್ಪ ಮನಸ್ಸು ಕರಗಿತು, ಶನಿವಾರ ಮೀಟರ್ ತರುತ್ತೇನೆ ಅಂದೆ.

“ಅಣ್ಣ, ಇನ್ನೊಂದು ಡೌಟು” ಅಂದ.

ಕೇಳಪ್ಪಾ ಅಂದೆ, ಕಡೆಗೂ ಗ್ರೌಂಡ್ ಬಗ್ಗೆ ಕೇಳುತ್ತಾನೆ ಅಂದುಕೊಂಡು.

“ಅದ್ರ ತುದಿಗೆ ಕನ್ನಡ ಬಾವುಟ ಕಟ್ಟಬಹುದಾ?”