ಸಿಎಸ್‌ವಿ ಮಾಡಿ ಕಳಿಸಿದರಷ್ಟೇ ಸಾಲದು
ಪಟ್ಟಿಗಳನ್ನು ಇಟ್ಟುಕೊಳ್ಳುವ ಮೈಕ್ರೋಸಾಫ್ಟ್‌ನ ತಂತ್ರಾಂಶವಾದ ಆ್ಯಕ್ಸೆಸ್‌ನಲ್ಲಿರುವ ಮಾಹಿತಿ ಹಂಚಿಕೊಳ್ಳಲು "ಸಿಎಸ್‌ವಿ ಮಾಡಿ ಕಳಿಸಿದರೆ ಮುಗೀತು, ಯಾವ ಕಂಪ್ಯೂಟರಲ್ಲಾದರೂ ತೆರೆಯುತ್ತದೆ" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ಸಿಎಸ್‌ವಿ ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರ, ಅಂಕಿಗಳ ಫೈಲ್; ಅದು ತೆರೆಯುತ್ತದೆ, ನಿಜ. ಆದರೆ ಒಳಗಿದ್ದದ್ದು ಇದ್ದ ಹಾಗೇ ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ. ಚಿತ್ತಾಪುರ ಕಡೆಯ ಸಹಕಾರ ಸಂಘವೊಂದರಲ್ಲಿ ತೊಗರಿ ರೈತರ ಪಟ್ಟಿ ನೋಡಿಕೊಳ್ಳುವ ನಾನು ನಿಮ್ಮ ಆ ಮಾತನ್ನು ಒಪ್ಪಲಾರೆ. ಆ್ಯಕ್ಸೆಸ್‌ನಿಂದ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್‌ಡ್ ಬಟನ್ ಒತ್ತಿ, ಕೋಡ್ ಪೇಜ್‌ನಲ್ಲಿ (ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿ) ಕನ್ನಡವನ್ನೂ ಉಳಿಸುವ ಯುಟಿಎಫ್-8 ಆರಿಸದಿದ್ದರೆ ಶರಣಪ್ಪ, ಮಲ್ಲಮ್ಮ ಎಂಬ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಸಿಗುತ್ತದೆ. ಹಳೆಯ ಪಟ್ಟಿ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ ಫಾಂಟ್‌ನಲ್ಲಿದ್ದರಂತೂ (ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವಾಗಿ ಕಾಣದು) ಮೊದಲು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ಇದಕ್ಕಿಂತ ಅಪಾಯದ್ದು ಬ್ಯಾಂಕ್ ಖಾತೆ ಸಂಖ್ಯೆ. ಹೆಸರು ಕೆಟ್ಟರೆ ಕಣ್ಣಿಗೆ ಬೀಳುತ್ತದೆ, ಅಂಕಿ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ನೀವು ಕಳಿಸಿದ ಫೈಲ್ ಸರಿಯಾಗಿಯೇ ಇರುತ್ತದೆ. ಪಡೆದವರು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಸಾಮಾನ್ಯವಾಗಿ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ. ಸಂಖ್ಯೆ 15 ಅಂಕಿಗಿಂತ ಉದ್ದವಿದ್ದರೆ 16ನೆಯದರಿಂದ ಮುಂದಿನದೆಲ್ಲ ಸೊನ್ನೆ. ಅದನ್ನೇ ಸೇವ್ ಮಾಡಿದರೆ ಆ ಫೈಲ್‌ನಿಂದ ಮೂಲ ಅಂಕಿ ಮತ್ತೆ ಸಿಗುವುದಿಲ್ಲ. ತೊಗರಿ ಮಾರಿದ ಹಣ ಜಮಾ ಆಗದೆ ನಿಂತಾಗ ಸಂಘಕ್ಕೂ ಬ್ಯಾಂಕಿಗೂ ಅಲೆಯುವವನು ರೈತ, ಪಟ್ಟಿ ತೆರೆದವರಲ್ಲ.

ಡಬಲ್ ಕ್ಲಿಕ್ ಮಾಡುವ ಬದಲು ಎಕ್ಸೆಲ್‌ನ ಡೇಟಾ ಟ್ಯಾಬ್‌ನಿಂದ ಇಂಪೋರ್ಟ್ ಮಾಡಿ, ಖಾತೆ ಸಂಖ್ಯೆಯ ಕಾಲಂ ಅನ್ನು ಟೆಕ್ಸ್ಟ್ ಎಂದು ಆರಿಸಿಕೊಂಡರೆ ಅಂಕಿ ಅಲುಗಾಡುವುದಿಲ್ಲ. ಇದೊಂದು ಮಾತನ್ನಾದರೂ ಲೇಖನದಲ್ಲಿ ದಯವಿಟ್ಟು ಸೇರಿಸಿ ಸರ್. ಕಲಬುರಗಿ, ಯಾದಗಿರಿ ಕಡೆಯ ಎಷ್ಟೋ ಸಂಘಗಳ ಲೆಕ್ಕ ಇನ್ನೂ ಇಂಥ ಫೈಲ್‌ಗಳಲ್ಲೇ ಓಡಾಡುತ್ತಿದೆ.