ಪ್ಲೆಟೆನ್‌ಬರ್ಗ್ ಕ್ಷೇತ್ರ ಮಹಾತ್ಮೆ

ಕಾಶಿಗೆ ಹೋಗುವವರು ಪಾಪ ಕಳೆದುಕೊಳ್ಳಲು ಹೋಗುತ್ತಾರೆ. ಜರ್ಮನಿಯ ಪ್ಲೆಟೆನ್‌ಬರ್ಗ್ ಎಂಬ ಸಣ್ಣ ಊರಿನ ಕ್ಷೇತ್ರಪದ್ಧತಿಯೇ ಬೇರೆ. ಅಲ್ಲಿ ಪಾಪ ಮಾಡಿದವನೇ ಗರ್ಭಗುಡಿಯಲ್ಲಿ ಕೂತಿದ್ದ. ದರ್ಶನಕ್ಕೆ ಬಂದವರು ವಿಶಾಲ ಹೃದಯಿಗಳು ಎನ್ನಿಸಿಕೊಂಡು ಮರಳುತ್ತಿದ್ದರು.

ಮೂಲಮೂರ್ತಿಯ ಹೆಸರು ಕಾರ್ಲ್ ಶ್ಮಿಟ್, ಕಾನೂನು ಪಂಡಿತ. ರಾಜ್ಯಶಾಸ್ತ್ರದ ದೊಡ್ಡ ದೊಡ್ಡ ಪರಿಕಲ್ಪನೆಗಳೆಲ್ಲ ದೈವಶಾಸ್ತ್ರದಿಂದ ಕಡ ತಂದು ಬಟ್ಟೆ ಬದಲಿಸಿದವು ಎಂದು 1922ರಲ್ಲಿ ಸಾರಿದವನು. ದೇವರಿಗೆ ಪವಾಡ ಹೇಗೋ ಪ್ರಭುವಿಗೆ ತುರ್ತುಸ್ಥಿತಿ ಹಾಗೆ. ನಿಯಮ ಯಾವಾಗ ಅನ್ವಯಿಸುವುದಿಲ್ಲ ಎಂದು ನಿರ್ಧರಿಸುವವನೇ ಒಡೆಯ. ಇದಕ್ಕೆ ಅವನಿಟ್ಟ ಹೆಸರು ರಾಜಕೀಯ ದೈವಶಾಸ್ತ್ರ. ಒಳ್ಳೆಯ ಸಿದ್ಧಾಂತ. ಆದರೆ ಸಿದ್ಧಾಂತಿಗೆ ಪವಾಡಪುರುಷನೂ ಬೇಕಾಯಿತು. 1933ರ ಮೇ 1ರಂದು ನಾಜಿ ಪಕ್ಷ ಸೇರಿದ. ಮರುವರ್ಷ ಹಿಟ್ಲರ್ ತನ್ನವರನ್ನೇ ವಿಚಾರಣೆಯಿಲ್ಲದೆ ಕೊಲ್ಲಿಸಿದಾಗ, ನಾಯಕ ಕಾನೂನನ್ನು ರಕ್ಷಿಸಿದ್ದಾನೆ ಎಂದು ಲೇಖನ ಬರೆದು ಮಂಗಳಾರತಿ ಎತ್ತಿದ.

1936ರ ಅಕ್ಟೋಬರ್‌ನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಅವನು ಗ್ರಂಥಾಲಯಗಳಿಗೆ ಮಡಿ ಹೇಳಿಕೊಟ್ಟ. ಯೆಹೂದಿ ಲೇಖಕರ ಪುಸ್ತಕಗಳು ಬೇರೆ ಕಪಾಟಿನಲ್ಲಿರಬೇಕು. ಉಲ್ಲೇಖಿಸಲೇಬೇಕಾಗಿ ಬಂದರೆ ಹೆಸರಿನ ಜೊತೆ 'ಯೆಹೂದಿ' ಎಂದು ಗುರುತು ಹಾಕಬೇಕು. ಪಂಕ್ತಿಭೇದದ ನಾಡಿನಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆಯೆಂದರೆ, ಸಂವಿಧಾನ ತತ್ವವನ್ನು ಕುರಿತ 1928ರ ತನ್ನ ದೊಡ್ಡ ಗ್ರಂಥವನ್ನು ಶ್ಮಿಟ್ ಅರ್ಪಿಸಿದ್ದು ಫ್ರಿಟ್ಸ್ ಐಸ್ಲರ್ ಎಂಬ ಗೆಳೆಯನಿಗೆ. 1914ರಲ್ಲಿ ಜರ್ಮನಿಗಾಗಿ ಯುದ್ಧದಲ್ಲಿ ಸತ್ತ ಯೆಹೂದಿ ಆತ. ಮಡಿ ನಿಯಮವನ್ನು ಮೊದಲು ತನ್ನ ಅರ್ಪಣೆಯ ಪುಟದಿಂದಲೇ ಶುರು ಮಾಡಬೇಕಿತ್ತು.

ಅದೇ ಗ್ರಂಥದ ಮುಂದಿನ ಪವಾಡ ನಡೆದದ್ದು ಜೆರುಸಲೇಮಿನಲ್ಲಿ, 1949ರ ಸುಮಾರಿಗೆ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳ ಮನೆತನದ ಯಾಕೋಬ್ ಟೌಬೆಸ್ ಎಂಬ ಯುವ ವಿದ್ವಾಂಸ ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕ ಕೇಳಿದ. ಸಿಗಲು ತಿಂಗಳುಗಳೇ ಬೇಕು ಎಂದರು. ಆದರೆ ಕೆಲವೇ ವಾರಗಳಲ್ಲಿ ಸಿಕ್ಕಿತು. ಅವನೇ ಮುಂದೆ ಹೇಳಿಕೊಂಡ ಪ್ರಕಾರ, ಅದಕ್ಕೆ ಕಾರಣ ನ್ಯಾಯಮಂತ್ರಿ ಪಿನ್ಹಾಸ್ ರೋಸೆನ್. ಇಸ್ರೇಲಿನ ಸಂವಿಧಾನದ ಕರಡಿಗೆ ಬೇಕಾಗಿ ತರಿಸಿಕೊಂಡಿದ್ದರಂತೆ. ಬೇರೆ ಕಪಾಟು ಮಾಡಿಸಲು ಹೊರಟವನ ಪುಸ್ತಕ ಯೆಹೂದಿ ಮಂತ್ರಿಯ ಮೇಜಿನ ಮೇಲೆ! (ಇಸ್ರೇಲಿಗೆ ಇಂದಿಗೂ ಒಂದೇ ಲಿಖಿತ ಸಂವಿಧಾನವಿಲ್ಲ. ಪುಸ್ತಕವನ್ನು ಬೇಗ ಹಿಂದಿರುಗಿಸಿದ್ದು ಒಳ್ಳೆಯದೇ ಆಯಿತು.) ಈ ಕತೆಯನ್ನು ಟೌಬೆಸ್ ಪತ್ರದಲ್ಲಿ ಗೆಳೆಯನಿಗೆ ಬರೆದ, ಗೆಳೆಯ ಅದನ್ನು ಶ್ಮಿಟ್‌ಗೆ ದಾಟಿಸಿದ, ಶ್ಮಿಟ್ ಪ್ರಸಾದದಂತೆ ಹತ್ತು ಜನಕ್ಕೆ ಹಂಚಿದ.

ಸಂವಾದದಲ್ಲಿ ಈ ಮೂರ್ತಿಗೆ ಅವಸರವೆಂಬುದೇ ಇರಲಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವನ್ನು ನಂಬುವ ಕ್ರೈಸ್ತರಿಗೆ ರಾಜಕೀಯ ದೈವಶಾಸ್ತ್ರ ಅಸಾಧ್ಯ ಎಂದು ಎರಿಕ್ ಪೀಟರ್‌ಸನ್ ಎಂಬ ಹಳೆಯ ಸ್ನೇಹಿತ 1935ರಲ್ಲಿ ಖಂಡಿಸಿದ್ದ. ಶ್ಮಿಟ್ ಪುಸ್ತಕ ಬರೆದು ಉತ್ತರ ಕೊಟ್ಟದ್ದು 1970ರಲ್ಲಿ. ಪೀಟರ್‌ಸನ್ ತೀರಿಕೊಂಡು ಆಗ ಹತ್ತು ವರ್ಷ. ಇಷ್ಟು ನಿರಾತಂಕವಾದ ವಾದ ಪ್ರಪಂಚದಲ್ಲಿ ಮತ್ತೊಂದು ನಡೆದಿರಲಾರದು.

ಕ್ಷೇತ್ರದ ಖ್ಯಾತಿ ಎಡಗಡೆಗೂ ಹಬ್ಬಿತು. 1967ರಲ್ಲಿ ಬರ್ಲಿನ್ನಿಗೆ ಬಂದ ತತ್ವಜ್ಞಾನಿ ಹೆಗೆಲನನ್ನು ಅರೆದು ಕುಡಿದ ಪಂಡಿತ ಕೊಜೇವ್, ಏನು ಮಾಡಬೇಕೆಂದು ಕೇಳಿದ ಕ್ರಾಂತಿಕಾರಿ ವಿದ್ಯಾರ್ಥಿಗಳಿಗೆ ಗ್ರೀಕ್ ಕಲಿಯಲು ಹೇಳಿ, ತಾನು ಪ್ಲೆಟೆನ್‌ಬರ್ಗಿಗೆ ಹೊರಟೆ ಎಂದ. ಜರ್ಮನಿಯಲ್ಲಿ ಮಾತನಾಡಲು ಇನ್ಯಾರಿದ್ದಾರೆ ಎಂಬುದು ಅವನ ಸಮಜಾಯಿಷಿ. ಮಾತನಾಡಬಲ್ಲ ಉಳಿದವರು ದೇಶ ಬಿಟ್ಟದ್ದೇಕೆ, ಬೂದಿಯಾದದ್ದೆಲ್ಲಿ ಎಂದು ಯಾರೂ ಕೇಳಿದಂತಿಲ್ಲ. ಬಹುಶಃ ಎಲ್ಲರೂ ಗ್ರೀಕ್ ಕಲಿಯುವುದರಲ್ಲಿದ್ದರು.

ಟೌಬೆಸ್ ಮಾತ್ರ ಹನ್ನೊಂದು ವರ್ಷ ತಡೆದುಕೊಂಡು 1978ರಲ್ಲಿ ಹೋದ. ಶ್ಮಿಟ್‌ಗೆ ಆಗ ತೊಂಬತ್ತು. ಸಂತ ಪೌಲ ರೋಮನ್ನರಿಗೆ ಬರೆದ ಪತ್ರವನ್ನು ಇಬ್ಬರೂ ಕೂತು ಓದಿದರು: ಸುವಾರ್ತೆಯ ದೃಷ್ಟಿಯಿಂದ ಅವರು (ಯೆಹೂದಿಗಳು) ಶತ್ರುಗಳು, ಪಿತೃಗಳ ದೃಷ್ಟಿಯಿಂದ ಪ್ರಿಯರು ಎಂಬ ಭಾಗ. ಟೌಬೆಸ್‌ಗೆ ತನ್ನದೇ ಕಾರಣವಿತ್ತು. ತಮ್ಮನ್ನು ಪರಮಶತ್ರು ಎಂದು ಹಿಟ್ಲರ್ ಆರಿಸಿಬಿಟ್ಟಿದ್ದರಿಂದ ಯೆಹೂದಿಗಳಿಗೆ ಆಯ್ಕೆಯೇ ಇರಲಿಲ್ಲ. ಆಯ್ಕೆಯಿದ್ದು ಜಾರಿದವನಿಗೆ ತಾನು ತೀರ್ಪುಗಾರನಾಗಲಾರೆ ಎನ್ನುತ್ತಿದ್ದ. ಆ ಮಾತಿಗೆ ನಾನು ತಲೆಬಾಗುತ್ತೇನೆ. ಅದನ್ನು ಹೇಳುವ ಹಕ್ಕು ಅವನಿಗಿತ್ತು. ಆ ಹಕ್ಕನ್ನು ವಿಚಾರಸಂಕಿರಣಗಳಲ್ಲಿ ಪುಕ್ಕಟೆ ಎರವಲು ಪಡೆದು, 'ನೋಡಿ, ಹೇಗೆ ಶತ್ರುಗಳೂ ಸಂವಾದಿಸಿದರು' ಎಂದು ಕಣ್ಣು ತೇವ ಮಾಡಿಕೊಳ್ಳುವವರಿಗೆ ತಲೆಬಾಗುವುದು ಕಷ್ಟ.

ನಮ್ಮ ಕರಾವಳಿಯ ತಾಳಮದ್ದಳೆಯಲ್ಲಿ ಬಾಣ ತಿಂದ ವಾಲಿ ಮೊದಲು ಬಾಯಿ ತೆರೆಯುತ್ತಾನೆ. ಮರದ ಮರೆಯಿಂದ ಯಾಕೆ ಹೊಡೆದೆ ಎಂದು ಕೇಳುತ್ತಾನೆ. ಎದುರಿನವನು ಸಾಕ್ಷಾತ್ ರಾಮನಾದರೂ ಅವನ ಪಾತ್ರಧಾರಿ ಬೆವರೊರೆಸಿಕೊಳ್ಳುತ್ತ ಉತ್ತರಿಸಲೇಬೇಕು, ಅದೂ ಬೆಳಗಾಗುವುದರೊಳಗೆ. ಮೂವತ್ತೈದು ವರ್ಷ ಬಿಟ್ಟು ಪುಸ್ತಕ ಬರೆಯುತ್ತೇನೆ ಎಂದರೆ ಭಾಗವತರು ಸುಮ್ಮನಿರುವುದಿಲ್ಲ.

ಶ್ಮಿಟ್ ಸಾರ್ವಜನಿಕವಾಗಿ ಕ್ಷಮೆ ಕೇಳದೆಯೇ 1985ರ ಈಸ್ಟರ್ ಭಾನುವಾರ ತೀರಿಕೊಂಡ. ಆದರೆ ಹೆಸರಿಗೆ ಗುರುತು ಹಾಕಬೇಕೆಂಬ ಅವನ ಆಸೆ ಬೇರೆ ಬಗೆಯಲ್ಲಿ ಈಡೇರಿದೆ. ಎಡದವರಿರಲಿ ಬಲದವರಿರಲಿ, ಅವನನ್ನು ಉಲ್ಲೇಖಿಸುವವರೆಲ್ಲ ಮೊದಲು 'ನಾಜಿ ಕಾನೂನು ಪಂಡಿತ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಒಂದು ಅಲ್ಪವಿರಾಮ, ಒಂದು 'ಆದರೂ', ಅದರ ಬೆನ್ನಿಗೆ ಎರಡು ಪುಟ ಉದ್ಧರಣೆ.